ಎಡೆಯ ಮುಂದಿನಿಂದ ನನ್ನ ಹೆಂಡತಿಯ ಫೋಟೊ ತೆಗೆದುಕೊಂಡು ಹೋದ ಬಗ್ಗೆ

ಹೆಸರು ಡಿ.ಪಿ. ಶಾಂತರಾಜು, ತಂದೆ ಲೇಟ್ ಪಾಪಯ್ಯ, ವಯಸ್ಸು 64 ವರ್ಷ. ವಿದ್ಯಾಭ್ಯಾಸ ಬಿ.ಎ., ಇಂಗ್ಲಿಷ್ ಪೇಪರ್ ಒಂದು ಬಾಕಿ. ಬಸ್ ನಿಲ್ದಾಣದ ಕಂಟ್ರೋಲರ್ ಆಗಿ 27 ವರ್ಷ ಕೆಲಸ ಮಾಡಿ ನಿವೃತ್ತಿ, ಹಾಲಿ ತೆಂಗಿನ ತೋಟ 1 ಎಕರೆ 12 ಗುಂಟೆ. ವಾಸ ಮಲ್ಲೇನಕೊಪ್ಪಲು, ದಂಡಿಗನಹಳ್ಳಿ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ.

ಇಂದು ದಿನಾಂಕ 22-09-2025ನೇ ಸೋಮವಾರ ಬೆಳಿಗ್ಗೆ 10-20ಕ್ಕೆ ನಾನೇ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ತಮ್ಮ ಗಮನಕ್ಕೆ ತರುವುದೇನೆಂದರೆ:

ನಿನ್ನೆ ಮಹಾಲಯ ಅಮಾವಾಸ್ಯೆ. ನಿನ್ನೆ ಮಧ್ಯಾಹ್ನ 1-20ರಿಂದ 1-35ರ ಒಳಗೆ, ಹಿರಿಯರಿಗೆ ಎಡೆ ಇಟ್ಟು ಬಾಗಿಲು ಹಾಕಿದ್ದ ಸಮಯದಲ್ಲಿ, ತೀರಿಹೋದ ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮಳ ಫೋಟೊವನ್ನು ಅವಳ ತಂಗಿ ಇಂದ್ರಮ್ಮ, ಗಂಡ ಕೆಂಪಣ್ಣ, ವಾಸ ಹೊಳೆನರಸೀಪುರ, ಇವಳು ಹಿತ್ತಿಲ ಬಾಗಿಲಿನಿಂದ ಒಳಗೆ ನುಗ್ಗಿ ತೆಗೆದುಕೊಂಡು ಹೋಗಿರುತ್ತಾಳೆ. ಬಾಗಿಲು ತೆಗೆದುಕೊಟ್ಟವಳು ನನ್ನ ಸ್ವಂತ ಮಗಳು ಅನುಶ್ರೀ. ಇದು ಪ್ರಿಮೆಡಿಟೇಟೆಡ್. ಆಕಸ್ಮಿಕ ಅಲ್ಲ. ಹೊರಗಿನವರು ಕದ್ದರೆ ಕಳ್ಳತನ ಎನ್ನುತ್ತೀರಿ, ಒಳಗಿನವರು ಕದ್ದರೆ ಫ್ಯಾಮಿಲಿ ಮ್ಯಾಟರ್ ಎನ್ನುತ್ತೀರಿ. ಹಾಗೆ ಹೇಳಿ ನನ್ನನ್ನು ವಾಪಸು ಕಳಿಸಬಾರದೆಂದು ಮೊದಲೇ ಬರೆಯುತ್ತಿದ್ದೇನೆ.

ಬರಹದ ಹೆಡ್‌ಕಾನ್ಸ್‌ಟೇಬಲ್ ಹರ್ಷವರ್ಧನ್ ಅವರು ಮೊದಲು ತಾವೇ ಬರೆದುಕೊಳ್ಳುವುದಾಗಿ ಕೂತರು. ಎರಡನೇ ಪುಟಕ್ಕೆ ಬರುವ ಹೊತ್ತಿಗೆ, ‘ಯಜಮಾನ್ರೇ, ನೀವ್ ಓದಿರೋರು, ನೀವೇ ಬರ್ಕೊಟ್ಬುಡಿ’ ಎಂದು ಬಿಳಿ ಹಾಳೆ ಕೊಟ್ಟರು. ಆದ್ದರಿಂದ ಇದು ನನ್ನ ಸ್ವಂತ ಕೈಬರಹ.

ನನ್ನ ಹೆಂಡತಿ ದಿನಾಂಕ 11-11-2023ರಂದು ಕಿಡ್ನಿ ತೊಂದರೆಯಿಂದ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ 57 ವರ್ಷ. ನಮ್ಮ ಸಂಸಾರ 34 ವರ್ಷ 5 ತಿಂಗಳು. ಈ ಅವಧಿಯಲ್ಲಿ ಅವಳು ಒಂದು ದಿನವೂ ಇದು ಬೇಕು, ಅದು ಬೇಕು ಎಂದು ಕೇಳಿದವಳಲ್ಲ. ಕಂಟೆಂಟೆಡ್ ಲೇಡಿ. ನಾನು ಡ್ಯೂಟಿಯಿಂದ ಬರುವ ಹೊತ್ತಿಗೆ ಮುದ್ದೆ ಬಿಸಿ ಇರುತ್ತಿತ್ತು. ನಾನು ಬರುವುದು 2-40. ಮುದ್ದೆ ತಟ್ಟೆಗೆ ಬೀಳುವುದು 2-45. ಈ ಐದು ನಿಮಿಷದಲ್ಲಿ ಹೆಚ್ಚು ಕಡಿಮೆ ಆದರೆ ನಾನು ಬಾಯಿ ಮಾಡುತ್ತಿದ್ದೆ, ಇಲ್ಲ ಎನ್ನುವುದಿಲ್ಲ. ಎರಡು ಮೂರು ಸಲ ಕೈಯೂ ಹೋಗಿರಬಹುದು. ಎಲ್ಲ ಮನೆಯಲ್ಲಿ ಇರುವಷ್ಟು. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳಲ್ಲ.

ಫೋಟೊದ ವಿವರ: ಉದ್ದ 18 ಇಂಚು, ಅಗಲ 12 ಇಂಚು, ತೇಗದ ಬಣ್ಣದ ಕಟ್ಟು, ಗಾಜು, ಮೇಲೆ ಕೆಂಪು ಸಣ್ಣ ಬಲ್ಬು, ಶ್ರೀಗಂಧದ ಬಣ್ಣದ ಪ್ಲಾಸ್ಟಿಕ್ ಹಾರ. ಕೆಳಗೆ ಜನನ, ಮರಣದ ದಿನಾಂಕ. ಮಾಡಿಕೊಟ್ಟವರು ಚನ್ನರಾಯಪಟ್ಟಣದ ಸ್ಟುಡಿಯೊದ ಪದ್ಮಕುಮಾರ್. ಅವಳೊಬ್ಬಳೇ ಇರುವ ಫೋಟೊ ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯ ಫೋಟೊದಲ್ಲಿ ಬಾಸಿಂಗ ಅಡ್ಡ ಬಂದು ಮುಖ ಕಾಣುವುದಿಲ್ಲ, ಆಮೇಲೆ ತೆಗೆಸುವ ಸಂದರ್ಭ ಬರಲಿಲ್ಲ. ತಿಥಿಗೆ ಫೋಟೊ ಬೇಕೆಂದಾಗ ಅನುಶ್ರೀ ತನ್ನ ಚಿಕ್ಕಮ್ಮ ಇಂದ್ರಮ್ಮನ ಮದುವೆ ಆಲ್ಬಮ್ಮಿನಿಂದ ಒಂದನ್ನು ಮೊಬೈಲಿನಲ್ಲಿ ತರಿಸಿದಳು. ಅದರಲ್ಲಿ ಐದಾರು ಹೆಂಗಸರು ಒಟ್ಟಿಗೆ ನಿಂತಿದ್ದಾರೆ. ಮಧ್ಯದಲ್ಲಿ ನನ್ನ ಹೆಂಡತಿ, ಹೆಗಲ ಮೇಲೆ ಇಂದ್ರಮ್ಮನ ಕೈ. ಮತ್ತು ನನ್ನ ಹೆಂಡತಿ ನಗುತ್ತಿದ್ದಾಳೆ. ಸಾಧಾರಣ ನಗುವಲ್ಲ. ಹಲ್ಲು ಅಷ್ಟೂ ಕಾಣುವಂತೆ, ಕತ್ತು ಹಿಂದಕ್ಕೆ ಹಾಕಿ.

ಇಂಥ ಫೋಟೊಗೆ ಹಾರ ಹಾಕಿ ಪೂಜೆ ಮಾಡುವುದು ಹೇಗೆ ಎಂದು ನಾನು ಪದ್ಮಕುಮಾರ್ ಅವರನ್ನು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು ಸಾರ್ ಎಂದರು. ಮೊದಲು ಅಕ್ಕಪಕ್ಕದ ಹೆಂಗಸರನ್ನು ತೆಗೆದರು. ನಂತರ ಹೆಗಲ ಮೇಲಿನ ಕೈ ತೆಗೆದರು. ನಂತರ ನನ್ನ ಸೂಚನೆಯಂತೆ ಬಾಯಿ ಮುಚ್ಚಿಸಿದರು. ಒಟ್ಟು 40 ನಿಮಿಷದ ಕೆಲಸ. ಬಾಯಿ ಮುಚ್ಚಿದ ಮೇಲೆ ಡಿಗ್ನಿಫೈಡ್ ಆಗಿ ಕಂಡಳು. ತಿಥಿಗೆ ಬಂದವರೆಲ್ಲ ಫೋಟೊ ಚೆನ್ನಾಗಿದೆ ಎಂದರು. ಇಂದ್ರಮ್ಮ ಒಬ್ಬಳು ಮಾತ್ರ ಫೋಟೊದ ಮುಂದೆ ಬಂದು ನಿಂತು, ‘ಅಯ್ಯೋ, ನಮ್ಮಕ್ಕನ್ ಬಾಯ್ ಎಲ್ಲೋಯ್ತು?’ ಎಂದು ಜನರ ಎದುರಿಗೇ ಕೇಳಿದಳು. ದುಃಖದಲ್ಲಿ ಹೇಳಿದ ಮಾತೆಂದು ನಾನು ಆ ದಿನ ಸುಮ್ಮನಾದೆ. ಸುಮ್ಮನಾದದ್ದೇ ತಪ್ಪಾಯಿತು.

ಇನ್ನು ನಿನ್ನೆಯ ಸಂಗತಿ.

ಬೆಳಿಗ್ಗೆ 5-30ಕ್ಕೆ ಎದ್ದು ಮನೆ ಸಾರಿಸಿ ಸ್ನಾನ ಮಾಡಿದೆ. ಅನುಶ್ರೀ ಹಾಸನದಿಂದ ಹಿಂದಿನ ದಿನವೇ ಬಂದಿದ್ದಳು, ಅಡಿಗೆ ಅವಳದು. 6-50ಕ್ಕೆ ನಾನೇ ಹೋಗಿ ಎರಡು ಕೆ.ಜಿ. ಮಟನ್ ತಂದೆ. 11-15ಕ್ಕೆ ಇಂದ್ರಮ್ಮ, ಕೆಂಪಣ್ಣ ಸ್ಕೂಟರಿನಲ್ಲಿ ಬಂದರು. ಇಂದ್ರಮ್ಮನ ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಇತ್ತು. ಏನದು ಎಂದು ಕೇಳಿದೆ. ಹೊಳೆ ಮೀನಿನ ಸಾರು, ಹುರಿದ ಸಣ್ಣ ಮೀನು, ಅಕ್ಕನ ಎಲೆಗೆ ಬಡಿಸಲು ತಂದಿರುವುದಾಗಿ ಹೇಳಿದಳು.

ನಾನು ಕ್ಯಾರಿಯರ್ ಹೊಸಿಲು ದಾಟಬಾರದೆಂದು ಹೇಳಿದೆ. ಇದರಲ್ಲಿ ಯಾರಿಗೂ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ನಮ್ಮದು ಕೆರೆ ಬಯಲು, ತೆಂಗಿನ ಸೀಮೆ. ನಮ್ಮಪ್ಪ ಪಾಪಯ್ಯನವರ ಕಾಲದಿಂದ ಈ ಮನೆಯ ಒಲೆಯ ಮೇಲೆ ಮೀನು ಬೆಂದಿಲ್ಲ. ಹೆಂಡತಿಯ ತವರು ಹೇಮಾವತಿ ದಂಡೆ. ಅವರು ಮೀನಿನಲ್ಲೇ ಹುಟ್ಟಿ ಬೆಳೆದವರು, ಅದು ಅವರ ಇಷ್ಟ. ಆದರೆ ಕೊಟ್ಟ ಹೆಣ್ಣು ಕೊಟ್ಟ ಮನೆಯ ಪದ್ಧತಿಗೆ ಬರಬೇಕು. ಚಿಕ್ಕಲಕ್ಷ್ಮಮ್ಮ ಬಂದಿದ್ದಳು. ಒಂದೇ ಒಂದು ಸಲ, 2011ರ ಜುಲೈನಲ್ಲಿ, ನಾನು ಡ್ಯೂಟಿ ಬದಲಾಗಿ 12-30ಕ್ಕೇ ಮನೆಗೆ ಬಂದಾಗ ಬೀದಿಯ ತನಕ ಮೀನಿನ ವಾಸನೆ ಬರುತ್ತಿತ್ತು. ನಾನು ಮಡಕೆ ಸಮೇತ ಎತ್ತಿ ಚರಂಡಿಗೆ ಹಾಕಿದೆ. ಅವಳು ಅಡಿಗೆಮನೆಯನ್ನು ಫಿನಾಯಿಲ್ ಹಾಕಿ ತೊಳೆದು, 2-45ಕ್ಕೆ ಸರಿಯಾಗಿ ನನಗೆ ಮುದ್ದೆ ಬಡಿಸಿದಳು. ಅವಳಿಗೆ ಮೀನು ಅಷ್ಟು ಬೇಕಾಗಿದ್ದರೆ ಆವತ್ತೇ ಹೇಳಬಹುದಿತ್ತು.

ಕ್ಯಾರಿಯರ್ ವಿಷಯದಲ್ಲಿ ಇಂದ್ರಮ್ಮ ಜಗಳ ಮಾಡಲಿಲ್ಲ. ‘ಆಯ್ತು ಬುಡಿ ಭಾವ, ನಿಮ್ಮನೆ ನಿಮ್ಮಿಷ್ಟ’ ಎಂದು ಜಗುಲಿಯ ಮೇಲೆ ಇಟ್ಟಳು. ಜಗಳ ಮಾಡದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಧ್ಯಾಹ್ನ 1-05ಕ್ಕೆ ನಡುಮನೆಯಲ್ಲಿ ಮೂರು ಬಾಳೆ ಎಲೆ ಹಾಕಿದೆವು. ನಮ್ಮಪ್ಪನಿಗೆ ಒಂದು, ಅವ್ವನಿಗೆ ಒಂದು, ಹೆಂಡತಿಗೆ ಒಂದು. ಅಪ್ಪನ ಎಲೆಗೆ ಬೀಡಿ ಕಟ್ಟು, ಒಂದು ಕ್ವಾರ್ಟರ್. ಅವ್ವನ ಎಲೆಗೆ ಹೊಗೆಸೊಪ್ಪು, ಎಲೆ ಅಡಿಕೆ. ಹೆಂಡತಿಯ ಎಲೆಗೆ ಮುದ್ದೆ, ಮಟನ್ ಸಾರು, ಲಿವರ್ ಫ್ರೈ ಬೇರೆಯಾಗಿ, ಬೇಯಿಸಿದ ಮೊಟ್ಟೆ, ಕಜ್ಜಾಯ, ಹೊಸ ಸೀರೆ. ಎಡೆಗೆ ಸತ್ತವರಿಗೆ ಪ್ರಿಯವಾದದ್ದನ್ನು ಇಡಬೇಕೆಂಬುದು ತಮಗೂ ಗೊತ್ತು. ಲಿವರ್ ಫ್ರೈ ಅವಳ ಕೈಯಲ್ಲಿ ಬಹಳ ಚೆನ್ನಾಗಿ ಆಗುತ್ತಿತ್ತು.

1-20ಕ್ಕೆ ಕರ್ಪೂರ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವ ತನಕ ಜೀವ ಇರುವವರು ಒಳಗೆ ಇರಬಾರದು, ಇಣುಕಬಾರದು, ಜೋರಾಗಿ ಮಾತಾಡಬಾರದು. ನಮ್ಮ ಮನೆಯಲ್ಲಿ 15 ನಿಮಿಷ. ನಾನು ವಾಚು ನೋಡಿಕೊಂಡು ಜಗುಲಿಯ ಮೇಲೆ ಕೂತೆ. ಪಕ್ಕದ ಮನೆಯ ದೊಡ್ಡಮ್ಮ, ವಯಸ್ಸು ಸುಮಾರು 80, ಅವಳೂ ಬಂದು ಕೂತಿದ್ದಳು. 1-24ಕ್ಕೆ ಇಂದ್ರಮ್ಮ ಕಾಲು ತೊಳೆಯುವ ನೆಪ ಹೇಳಿ ಮನೆಯ ಪಕ್ಕದಿಂದ ಹಿತ್ತಿಲಿಗೆ ಹೋದಳು. ಅನುಶ್ರೀ ಹಿಂದೆ ಹೋದಳು. 1-27ಕ್ಕೆ ಕೆಂಪಣ್ಣ ಬೀಡಿ ಸೇದಿ ಬರುವುದಾಗಿ ಎದ್ದ. ಹೋಗುವಾಗ ಕ್ಯಾರಿಯರ್ ಕೈಯಲ್ಲಿತ್ತು. ಬೀಡಿಗೆ ಕ್ಯಾರಿಯರ್ ಯಾಕೆ ಎಂದು ಕೇಳಬೇಕೆನ್ನಿಸಿತು. ಎಡೆಯ ಹೊತ್ತಿನಲ್ಲಿ ಮಾತಾಡಬಾರದೆಂದು ಕೇಳಲಿಲ್ಲ. ನನ್ನ ಈ ನಿಷ್ಠೆಯನ್ನೇ ಅವರು ಮಿಸ್‌ಯೂಸ್ ಮಾಡಿಕೊಂಡಿದ್ದಾರೆ. 1-31ಕ್ಕೆ ಸ್ಕೂಟರ್ ಶಬ್ದ ಕೇಳಿತು.

1-35ಕ್ಕೆ ಸರಿಯಾಗಿ ನಾನು ಕೆಮ್ಮಿ, ಬಾಗಿಲನ್ನು ಮೂರು ಸಲ ತಟ್ಟಿ ತೆಗೆದೆ. ಅಪ್ಪ, ಅವ್ವನ ಫೋಟೊ ಇದ್ದವು. ಮೂರನೇ ಫೋಟೊ ಇರಲಿಲ್ಲ. ಗೋಡೆಯ ಮೇಲೆ ಮೊಳೆ ಇತ್ತು, ಹಾರ ಎಲೆಯ ಪಕ್ಕದಲ್ಲಿ ಬಿದ್ದಿತ್ತು. ಹೆಂಡತಿಯ ಎಲೆಯಲ್ಲಿ ಬಡಿಸಿದ್ದೆಲ್ಲ ಹಾಗೇ ಇತ್ತು. ಸೀರೆಯನ್ನು ಮಾತ್ರ ತೆಗೆದುಕೊಂಡು ಹೋಗಿದ್ದರು.

ನಾನು ಕೂಗಿಕೊಂಡೆ. ಏನು ಕೂಗಿದೆ ಎಂಬುದು ನೆನಪಿಲ್ಲ. ದೊಡ್ಡಮ್ಮ ಹೊಸಿಲಿನಿಂದ ಇಣುಕಿ ನೋಡಿ, ‘ಲೇ ಶಾಂತರಾಜ, ಊರೋರ್ ಬಸ್ನೆಲ್ಲ ಟೇಮಿಗೆ ಬುಟ್ಟೆ, ನಿನ್ ಎಂಡ್ತಿ ಯಾವ್ ಬಸ್ಸತ್ತುದ್ಲು ಅಂತ ಗೊತ್ತಾಗ್ನಿಲ್ವಲ್ಲಾ’ ಎಂದು ಹೇಳಿ ನಕ್ಕಳು. ಅಷ್ಟರಲ್ಲಿ ಬೀದಿಯಲ್ಲಿ ಏಳೆಂಟು ಜನ ಸೇರಿದ್ದರು, ಅವರೂ ನಕ್ಕರು. ಹೆಸರುಗಳನ್ನು ಕೇಳಿದರೆ ಕೊಡುತ್ತೇನೆ. ಸತ್ತ ಹೆಂಡತಿ ಮನೆ ಬಿಟ್ಟು ಹೋದಳೆಂಬ ಮಾತನ್ನು ಯಾವ ಗಂಡಸಾದರೂ ಕೇಳಿಸಿಕೊಂಡಿದ್ದಾನೆಯೇ? ಬದುಕಿದ್ದಾಗ ಹೋಗದವಳು.

ಅನುಶ್ರೀ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು. ಓಡಿಹೋಗಲಿಲ್ಲ. ಎಲ್ಲರೂ ಹೊರಗೆ ಬರುವಾಗ ಹಿತ್ತಿಲ ಬಾಗಿಲಿನ ಅಗುಳಿ ತೆಗೆದಿಟ್ಟದ್ದು ತಾನೇ ಎಂದು ನಾನು ಕೇಳುವ ಮೊದಲೇ ಹೇಳಿದಳು. ಯಾಕೆ ಎಂದು ಕೇಳಿದ್ದಕ್ಕೆ, ‘ಕೂಗ್ಬೇಡ ಅಪ್ಪ. ಅಮ್ಮ ಮಟನ್ ತಿಂತಿರ್ಲಿಲ್ಲ. ವಾಸ್ನೇನೇ ಆಗ್ತಿರ್ಲಿಲ್ಲ ಅವಳಿಗೆ. ಮೂಗಿಗೆ ಸೆರಗ್ ಕಟ್ಕೊಂಡ್ ಲಿವರ್ ಹುರೀತಿದ್ಲು. ಹೋದ್ ವರ್ಷಾನೂ ಅದನ್ನೇ ಇಟ್ಟೆ, ಈ ವರ್ಷಾನೂ ಅದೇ. ಸತ್ತ ಮೇಲೂ ಅವಳು ನಿಂಗೇ ಇಷ್ಟ ಆದದ್ದನ್ನ ನೋಡ್ಕೊಂಡ್ ಕೂತಿರ್ಬೇಕಾ?’ ಎಂದು ಕೇಳಿದಳು.

ಸುಳ್ಳು ಹೇಳಬೇಡ ಎಂದೆ. ಅದಕ್ಕೆ ಅವಳು, ‘ಅಮ್ಮ ಊಟ ಮಾಡೋದನ್ನ ನೀನು ಯಾವತ್ತಾದ್ರೂ ನೋಡಿದೀಯಾ? ಒಂದು ದಿನ ಹೇಳು ಸಾಕು’ ಎಂದಳು.

ಈ ಪ್ರಶ್ನೆಗೆ ನಾನು ಇಲ್ಲಿ ಉತ್ತರ ಬರೆಯುತ್ತೇನೆ. ಅವಳು ಊಟ ಮಾಡುವುದನ್ನು ನಾನು ನೋಡಿಲ್ಲ. ಗಂಡಸರು ಉಂಡ ಮೇಲೆ ಹೆಂಗಸರು ಅಡಿಗೆಮನೆಯಲ್ಲಿ ಉಣ್ಣುವುದು ನಮ್ಮ ಕಡೆಯ ರೂಢಿ. ಹೆಂಡತಿಯ ತಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡುವವನು ಗಂಡಸಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ನಾನು ನೋಡದೆ ಇದ್ದದ್ದು ಮರ್ಯಾದೆಯಿಂದ. ಮರ್ಯಾದೆಯನ್ನೇ ನೆಗ್ಲಿಜೆನ್ಸ್ ಎಂದು ತಿರುಗಿಸಿದರೆ ನಾನು ಏನು ಮಾಡಬೇಕು? 34 ವರ್ಷ ಒಂದೇ ಸೂರಿನ ಅಡಿಯಲ್ಲಿ ಇದ್ದು, ಮಟನ್ ತಿನ್ನುವುದಿಲ್ಲ ಎಂದು ಒಂದು ಮಾತು ಹೇಳದೆ ಇದ್ದರೆ, ಅದು ಯಾರ ತಪ್ಪು? ಅನುಶ್ರೀ ಟೀಚರ್ ಕೆಲಸದಲ್ಲಿದ್ದಾಳೆ. ಅವಳನ್ನು ಓದಿಸಿದವನು ನಾನು.

ಮಧ್ಯಾಹ್ನ 2-05ಕ್ಕೆ ಎಡೆಯ ಅನ್ನವನ್ನೂ ಮುಟ್ಟದೆ ನನ್ನ ಟಿ.ವಿ.ಎಸ್. ಗಾಡಿಯಲ್ಲಿ ಹೊಳೆನರಸೀಪುರಕ್ಕೆ ಹೊರಟೆ. ನನ್ನ ಮನೆಯಿಂದ ಇಂದ್ರಮ್ಮನ ಮನೆಗೆ 27 ಕಿ.ಮೀ. ಎರಡು ಕಡೆ ರಸ್ತೆ ಕೆಲಸ ಇದ್ದುದರಿಂದ 3-02ಕ್ಕೆ ತಲುಪಿದೆ. ಇಂದ್ರಮ್ಮನ ಮನೆ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಎಡಗಡೆ ಐದನೆಯದು. ಅವಳ ಮನೆಯ ಬಾಗಿಲೂ ಹಾಕಿತ್ತು. ಗಂಡ ಹೆಂಡತಿ ಇಬ್ಬರೂ ಜಗುಲಿಯ ಮೇಲೆ ಕೈಕಟ್ಟಿಕೊಂಡು ಕೂತಿದ್ದರು. ನನ್ನ ಮನೆಯ ಫೋಟೊ ಟವೆಲ್ ಸುತ್ತಿಕೊಂಡು ಅಲ್ಲೇ ಹಗ್ಗದ ಮಂಚದ ಮೇಲೆ ಇತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಇಂದ್ರಮ್ಮ ಬಾಯಿಯ ಮೇಲೆ ಬೆರಳಿಟ್ಟು, ‘ಭಾವ, ಗಲಾಟಿ ಮಾಡ್ಬ್ಯಾಡಿ. ಅಕ್ಕ ಉಣ್ತಾವ್ಳೆ’ ಎಂದು ಪಿಸುಮಾತಿನಲ್ಲಿ ಹೇಳಿದಳು.

ನಾನು 9 ನಿಮಿಷ ಸುಮ್ಮನೆ ನಿಂತೆ. ನನ್ನ ಸಿಟ್ಟಿನ ಮಟ್ಟ ತಮಗೆ ಗೊತ್ತಾಗಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಅಷ್ಟು ಸಿಟ್ಟಿದ್ದರೂ ಪದ್ಧತಿ ಮುರಿಯಲಿಲ್ಲ. ಮನೆಯೊಳಗಿನಿಂದ ಯಾವ ಶಬ್ದವೂ ಬರಲಿಲ್ಲ. ಮೀನಿನ ವಾಸನೆ ಮಾತ್ರ ಬರುತ್ತಿತ್ತು.

3-11ಕ್ಕೆ ಇಂದ್ರಮ್ಮ ಬಾಗಿಲು ತಟ್ಟಿ ತೆಗೆದಳು. ಒಳಗೆ ಒಂದೇ ಎಲೆ. ಅನ್ನ, ಮೀನಿನ ಸಾರು, ಹುರಿದ ಮೀನು, ಅರ್ಧ ಹೋಳು ಮಾವಿನ ಉಪ್ಪಿನಕಾಯಿ. ಪಕ್ಕದಲ್ಲಿ ನಾನು ತಂದಿದ್ದ ಸೀರೆ. ಎಲೆಯ ಮುಂದೆ ಗೋಡೆಗೆ ಒರಗಿಸಿ ಒಂದು ಸಣ್ಣ ಫೋಟೊ, ಸುಮಾರು 7 ಇಂಚು 5 ಇಂಚು. ಇಂದ್ರಮ್ಮನ ಮದುವೆಯ ಅದೇ ಫೋಟೊ. ಪದ್ಮಕುಮಾರ್ ಅವರ ಕಂಪ್ಯೂಟರಿನಲ್ಲಿ ಇದನ್ನು ನಾನು ಅರ್ಧ ನಿಮಿಷ ನೋಡಿದ್ದೆ. ಆಗ ಬಾಯಿ ಎಲ್ಲಿಂದ ಎಲ್ಲಿಗೆ ಮುಚ್ಚಬೇಕು ಎಂಬುದನ್ನು ನೋಡುತ್ತಿದ್ದೆ. ನಿನ್ನೆ ಕೂತು ನೋಡಿದೆ. ಅವಳಿಗೆ ಎಡಗಡೆ ಒಂದು ಓರೆ ಹಲ್ಲು ಇತ್ತು. ನನಗೆ ಅದು ಗೊತ್ತಿರಲಿಲ್ಲ.

ಇಂದ್ರಮ್ಮ ಎಲೆ ಹಾಕಿ, ‘ಕೂತ್ಕಳಿ ಭಾವ. ಎಡೆ ಅನ್ನ ಬ್ಯಾಡ ಅನ್ಬಾರ್ದು’ ಎಂದಳು. ಎಡೆಯ ಅನ್ನವನ್ನು ನಿರಾಕರಿಸಿದರೆ ಸತ್ತವರಿಗೆ ಅವಮಾನ ಎಂಬ ಒಂದೇ ಕಾರಣಕ್ಕೆ ಕೂತೆ. ಮೀನು ಎರಡು ತಿಂದೆ. ಬಡಿಸಿದ್ದಕ್ಕೆ ಇನ್ನೊಂದು ತಿಂದೆ. ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ಈ ಕೇಸಿಗೆ ಸಂಬಂಧಪಟ್ಟದ್ದಲ್ಲ. ಕೆಂಪಣ್ಣ ಮುಳ್ಳು ಹುಷಾರಣ್ಣ ಎಂದು ಎರಡು ಸಲ ಹೇಳಿದ. ಅವನು ನನ್ನ ಷಡ್ಡಕ, ಒಳ್ಳೆಯವನೇ, ಹೆಂಡತಿಯ ಮಾತು ಕೇಳಿ ಕೆಟ್ಟಿದ್ದಾನೆ.

ಕೈ ತೊಳೆದ ಮೇಲೆ ನಾನು ಮಾತು ತೆಗೆದೆ. ಕೊಟ್ಟ ಹೆಣ್ಣಿಗೆ ತಂಗಿಯ ಮನೆಯಲ್ಲಿ ಎಡೆ ಇಡುವುದು ಯಾವ ಪದ್ಧತಿ, ಹಸ್ಬೆಂಡ್ ಈಸ್ ದಿ ಲೀಗಲ್ ಹೇರ್, ನಾಳೆ ಅವಳ ಆತ್ಮ ಯಾವ ಮನೆಗೆ ಬರಬೇಕು ಎಂದು ಕೇಳಿದೆ. ಅದಕ್ಕೆ ಇಂದ್ರಮ್ಮ, ‘ಎಲ್ ಊಟ ಸಿಕ್ತದೋ ಅಲ್ ಬತ್ತಾಳೆ ಭಾವ. ನೀವೇನ್ ಬಾಗ್ಲಾಗೆ ನಿಂತ್ಕಂಡು ಟಿಕೆಟ್ ಅರೀತೀರಾ?’ ಎಂದು ಹಂಗಿಸಿದಳು. ಕಂಟ್ರೋಲರ್ ಟಿಕೆಟ್ ಹರಿಯುವುದಿಲ್ಲ, ಅದು ಕಂಡಕ್ಟರ್ ಕೆಲಸ ಎಂದೆ. ಕೆಂಪಣ್ಣ ನಕ್ಕ.

ಆಗ ನನಗೆ ತಡೆಯಲಾಗದೆ, ಎದ್ದುಹೋಗಿ ಗೋಡೆಗೆ ಒರಗಿಸಿದ್ದ ಸಣ್ಣ ಫೋಟೊವನ್ನು ಎತ್ತಿಕೊಂಡೆ. ಈ ಫೋಟೊ ಇನ್ನು ಮೇಲೆ ನನ್ನ ಮನೆಯಲ್ಲಿ ಇರುತ್ತದೆ ಎಂದೆ. ಇಂದ್ರಮ್ಮ ನನ್ನ ಕೈ ಹಿಡಿದು ಎಳೆದಳು. ಎಳೆದಾಟದಲ್ಲಿ ಗಾಜು ಬಿರುಕು ಬಿಟ್ಟು ನನ್ನ ಬಲಗೈ ಹೆಬ್ಬೆರಳಿಗೆ ಗಾಯವಾಗಿರುತ್ತದೆ, ಗುರುತು ಈಗಲೂ ನೋಡಬಹುದು. ‘ನಿಮ್ದು ನೀವ್ ತಕ್ಕಂಡೋಗಿ, ಬಾಯ್ ಒಲ್ದಾಕಿರದು ಮಂಚದ್ ಮ್ಯಾಲೈತೆ. ಇದು ನನ್ ಮದುವೇದು, ನನ್ನಕ್ಕಂದು’ ಎಂದು ಕಿರುಚಿದಳು.

ಅದಕ್ಕೆ ನಾನು, ಈ ಫೋಟೊದಲ್ಲಿ ನನಗೂ ಹಕ್ಕಿದೆ, ಇದನ್ನು ತೆಗೆಯುವಾಗ ನಾನು ಫೋಟೊದವನ ಪಕ್ಕದಲ್ಲೇ ನಿಂತಿದ್ದೆ, ಅವಳು ನಗುತ್ತಿರುವುದು ನನ್ನನ್ನು ನೋಡಿ ಎಂದು ಹೇಳಿದೆ.

ಇಂದ್ರಮ್ಮ ನನ್ನ ಕೈ ಬಿಟ್ಟಳು. ನಂತರ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: ‘ನೀವ್ ಬಂದೇ ಇರ್ನಿಲ್ವಲ್ಲ ಭಾವ ಅವತ್ತು. ಅಕ್ಕ ಬೆಳಗ್ಗಿಂದ ಬಾಗ್ಲು ನೋಡ್ಕಂಡು ನಿಂತಿದ್ಲು, ನೀವ್ ಬಂದು ಏನ್ ಗಲಾಟಿ ತಗೀತೀರೋ ಅಂತ. ಅರಕಲಗೂಡಿನ ಬಸ್ ಡ್ರೈವರಣ್ಣ ಬಂದು, ಕಂಟ್ರೋಲರ್ ಸಾಯೇಬ್ರು ಬರಕ್ಕಿಲ್ಲಂತೆ, ಕಾಯ್ಬ್ಯಾಡಿ ಅಂದ್ರು ಅಂದ. ಅದ ಕೇಳ್ತಿದ್ದಂಗೇ ನಕ್ಬುಟ್ಲು ನನ್ನಕ್ಕ. ಆವಾಗ್ ಒಡ್ದಿದ್ದು ಈ ಫೋಟ.’

ನಾನು ಫೋಟೊ ಕೆಳಗಿಟ್ಟು ಹೊರಗೆ ಬಂದೆ. ಸಮಯ 3-48. ಕೆಂಪಣ್ಣ ನನ್ನ ದೊಡ್ಡ ಫೋಟೊವನ್ನು ಟವೆಲ್ ಸಮೇತ ಗಾಡಿಯ ಮುಂದೆ ಕಟ್ಟಿಕೊಟ್ಟ. ನಾನು ಅದನ್ನು ಬಿಚ್ಚಿ ಅವರ ಜಗುಲಿಯ ಮೇಲೆ ಇಟ್ಟು ಬಂದೆ.

ಈ ಹಂತದ ತನಕ ಓದಿ ನೋಡಿದ ಹರ್ಷವರ್ಧನ್ ಅವರು, ‘ಯಜಮಾನ್ರೇ, ಅವ್ರೇ ವಾಪಸ್ ಕೊಟ್ಟವ್ರೆ, ನೀವೇ ಬುಟ್ಟುಬಂದಿದೀರ. ಕಳ್ತನ ಎಲ್ಲಾಯ್ತು ಸಾ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದ್ದರಿಂದ ನನ್ನ ದೂರನ್ನು ಈ ರೀತಿ ತಿದ್ದಿಕೊಳ್ಳುತ್ತೇನೆ. 18 ಇಂಚಿನ ಫೋಟೊ ನನಗೆ ಬೇಡ. ಅದು ಇಂದ್ರಮ್ಮನ ಹತ್ತಿರವೇ ಇರಲಿ, ಅವಳು ಅದನ್ನು ಏನು ಬೇಕಾದರೂ ಮಾಡಿಕೊಳ್ಳಲಿ. ನನಗೆ ಬೇಕಾಗಿರುವುದು ನಗುವ ಫೋಟೊ. ಅದನ್ನು ತಾವು ಕೊಡಿಸಬೇಕು. ಯಾವ ಹಕ್ಕಿನ ಮೇಲೆ ಎಂದು ತಾವು ಕೇಳುತ್ತೀರಿ. ಆ ಹಕ್ಕು ಯಾವುದೆಂದು ಕೆಳಗೆ ವಿವರಿಸಿರುತ್ತೇನೆ.

ಇಂದ್ರಮ್ಮನ ಮದುವೆ ನಡೆದದ್ದು ದಿನಾಂಕ 24-05-1998, ಭಾನುವಾರ, ಹೊಳೆನರಸೀಪುರದ ಛತ್ರದಲ್ಲಿ. ಆಗ ನಾನು ಅರಕಲಗೂಡು ಬಸ್ ನಿಲ್ದಾಣದಲ್ಲಿ ಡ್ಯೂಟಿಯಲ್ಲಿದ್ದೆ. ಲಗ್ನಪತ್ರಿಕೆಯಲ್ಲಿ ‘ಚಿಕ್ಕಲಕ್ಷ್ಮಮ್ಮ ಮತ್ತು ಕುಟುಂಬ’ ಎಂದು ಅಚ್ಚು ಹಾಕಿಸಿ, ಹಿರಿಯ ಅಳಿಯನಾದ ನನ್ನ ಹೆಸರನ್ನೇ ಬಿಟ್ಟಿದ್ದರು. ಕುಟುಂಬ ಎಂದರೆ ನಾನು. ಈ ಬಗ್ಗೆ ನಾನು ಮದುವೆಯ ಹಿಂದಿನ ವಾರ ಮಾವನವರ ಮನೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದ್ದು ನಿಜ, ತಟ್ಟೆ ಎಸೆದದ್ದು ನಿಜ. ಮದುವೆಯ ದಿನ 9-20ರ ಬಸ್ಸಿನ ಡ್ರೈವರ್ ಹತ್ತಿರ, ನಾನು ಬರುವುದಿಲ್ಲ, ಕಾಯಬೇಡಿ ಎಂದು ಹೇಳಿ ಕಳಿಸಿದ್ದೂ ನಿಜ. ಇಂದ್ರಮ್ಮ ಇಲ್ಲಿಯ ತನಕ ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಹೇಳಿ ಕಳಿಸಿದ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. 9-40ರ ಬಸ್ಸು ಹತ್ತಿ ನಾನೂ ಹೊರಟೆ. 10-45ಕ್ಕೆ ಹೊಳೆನರಸೀಪುರದಲ್ಲಿ ಇಳಿದೆ. ಛತ್ರ ಅಲ್ಲಿಂದ 400 ಮೀಟರ್, ನಡೆದು ಹೋದೆ. ಒಳಗೆ ಹೋಗಲಿಲ್ಲ. ಫೋಟೊದವನ ಪಕ್ಕ ಎಂದು ನಿನ್ನೆ ಹೇಳಿದ್ದು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಸರಿಯಾದದ್ದು ಗೇಟಿನ ಹತ್ತಿರ, ವಾಲಗದವರು ಕೂತಿದ್ದ ಚಪ್ಪರದ ಕಂಬದ ಪಕ್ಕ. ಅಲ್ಲಿಂದ ಹೆಂಗಸರು ಗುಂಪಾಗಿ ಫೋಟೊಗೆ ನಿಂತದ್ದು ಕಾಣುತ್ತಿತ್ತು. ಡ್ರೈವರ್ ಬಂದು ಏನೋ ಹೇಳಿದ, ಅದು ನನಗೆ ಕೇಳಿಸಲಿಲ್ಲ. ಆಗ ಚಿಕ್ಕಲಕ್ಷ್ಮಮ್ಮ ತಲೆ ಎತ್ತಿದಳು. ನನ್ನನ್ನು ಕಂಡಳು. ಬರುವುದಿಲ್ಲ ಎಂದವನು ಬಂದು ಕಂಬದ ಹಿಂದೆ ನಿಂತಿದ್ದಾನಲ್ಲ ಎಂದು ನಕ್ಕಳು. ಡ್ರೈವರ್ ಹೇಳಿದ ಮಾತೂ ಆ ನಗುವೂ ಒಂದೇ ಹೊತ್ತಿಗೆ ಬಂದಿವೆಯೇ ಹೊರತು ಒಂದಕ್ಕೊಂದು ಸಂಬಂಧ ಇಲ್ಲ. ನಾನು ಊಟಕ್ಕೆ ನಿಲ್ಲದೆ ಹಿಂತಿರುಗಿದೆ. ಮನೆಯಲ್ಲಿ ಈ ಬಗ್ಗೆ ನಾವು ಮಾತಾಡಲಿಲ್ಲ. ನಾವು ಹೆಚ್ಚು ಮಾತಾಡುವ ಜೋಡಿ ಅಲ್ಲ.

ಇದಕ್ಕೆ ಸಾಕ್ಷಿ ಯಾರು ಎಂದು ಹರ್ಷವರ್ಧನ್ ಕೇಳಿದರು. ಆ ಡ್ರೈವರ್ ತೀರಿಕೊಂಡಿದ್ದಾನೆ. ಹೆಂಡತಿಯೂ ಇಲ್ಲ. ಇನ್ನು ಉಳಿದಿರುವುದು ಆ ದಿನದ ಲಾಗ್‌ಶೀಟ್. ಯಾರಾದರೂ ಹಳೆಯ ಕಡತ ತೆಗೆಸಿ ನೋಡಿದರೆ, 24-05-1998ರ ಬೆಳಿಗ್ಗೆ 10-05, 10-30, 10-50, 11-15, ಹೀಗೆ ಮಧ್ಯಾಹ್ನ 2ರ ತನಕ ಅರಕಲಗೂಡಿನಿಂದ ಬಿಟ್ಟ ಒಂದೊಂದು ಬಸ್ಸಿನ ಸಮಯವೂ ನನ್ನ ಕೈಬರಹದಲ್ಲಿ, ನನ್ನ ಸಹಿಯೊಂದಿಗೆ ಇರುತ್ತದೆ. ನಾನು ನಿಲ್ದಾಣ ಬಿಟ್ಟು ಕದಲಿಲ್ಲ ಎಂದು ಅದು ಹೇಳುತ್ತದೆ. ಆ ಎಂಟ್ರಿಗಳು ಸುಳ್ಳು. ಬಸ್ಸು ಹೋದದ್ದನ್ನು ನೋಡದೆ, ಸಾಯಂಕಾಲ ಕೂತು ಬರೆದವು. 27 ವರ್ಷದ ಸರ್ವಿಸಿನಲ್ಲಿ ನನ್ನ ಮೇಲೆ ಒಂದು ಮೆಮೊ ಇಲ್ಲ, ಒಂದು ನಿಮಿಷದ ತಪ್ಪು ಎಂಟ್ರಿ ಇಲ್ಲ ಎಂದು ಬೀಳ್ಕೊಡುಗೆಯ ದಿನ ಭಾಷಣದಲ್ಲಿ ಹೇಳಿದರು. ಅದೂ ಸುಳ್ಳು ಎಂದು ಬರೆದುಕೊಳ್ಳಿ. ಈ ಬಗ್ಗೆ ಸಂಬಂಧಪಟ್ಟವರು ನನ್ನ ಪಿಂಚಣಿ ನಿಲ್ಲಿಸಿದರೂ, ಏನು ಕ್ರಮ ತೆಗೆದುಕೊಂಡರೂ ನನ್ನ ತಕರಾರಿಲ್ಲ.

ಹರ್ಷವರ್ಧನ್ ಅವರು, ‘ಇಪ್ಪತ್ತೇಳು ವರ್ಷದ್ ಹಿಂದಿಂದು, ಈಗ್ಯಾರ್ ಕೇಳ್ತಾರೆ ಬುಡಿ. ಇದ ಬರುದ್ರೆ ನಿಮ್ಗೇ ತೊಂದ್ರೆ. ಆ ನಾಕು ಸಾಲು ಒಡ್ದಾಕ್ಬುಡಿ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರು. ಹೊಡೆದುಹಾಕುವುದಿಲ್ಲ. ಬೇರೆ ಏನನ್ನು ಹೊಡೆದರೂ ಆ ನಾಲ್ಕು ಸಾಲು ಇರಬೇಕು. ನಗುವ ಫೋಟೊ ಕೊಡಿಸಲು ಕಾನೂನಿನಲ್ಲಿ ಅವಕಾಶ ಇಲ್ಲದಿದ್ದರೆ ಅದನ್ನೂ ಬಿಡುತ್ತೇನೆ. ಇಂದ್ರಮ್ಮನನ್ನು ಮತ್ತು ನನ್ನ ಮಗಳನ್ನು ಠಾಣೆಗೆ ಕರೆಸಿ, ಈ ಹೇಳಿಕೆಯನ್ನು ಅವರ ಮುಂದೆ ಜೋರಾಗಿ ಓದಿ, ಫೋಟೊ ತೆಗೆದ ಹೊತ್ತಿನಲ್ಲಿ ನಾನು ಗೇಟಿನ ಹತ್ತಿರ ಇದ್ದೆನೆಂದು ಠಾಣೆಯ ಮೊಹರು ಹಾಕಿ ಅವರಿಗೆ ಒಂದೊಂದು ಪ್ರತಿ ಕೊಡಬೇಕೆಂದು ಕೋರುತ್ತೇನೆ.

ಈ ಆರು ಪುಟಗಳನ್ನು ನಾನೇ ಬರೆದು, ನಾನೇ ಓದಿ ನೋಡಿರುತ್ತೇನೆ. ಮೇಲೆ ಹೇಳಿದ ಆ ಒಂದು ದಿನದ ಲಾಗ್‌ಶೀಟ್ ಹೊರತು, ನಾನು ಇಂದಿನವರೆಗೆ ಕೈಯಾರೆ ಬರೆದದ್ದರಲ್ಲಿ ಯಾವುದೂ ಸುಳ್ಳಲ್ಲ.

ಸ್ಥಳ: ಚನ್ನರಾಯಪಟ್ಟಣ
ದಿನಾಂಕ: 22-09-2025, ಮಧ್ಯಾಹ್ನ 1-10
ಸಹಿ/- ಡಿ.ಪಿ. ಶಾಂತರಾಜು